ಬೋಲ್ಟು ಬಾರ್

ಬೋರ್ಡಿನ ಮೇಲೆ ‘ಸಮಾಧಾನ ಬಾರ್’ ಎಂದಿದೆ. ಆಗಾಗ ಅದಕ್ಕೆ ಹೊಸ ಬಣ್ಣವನ್ನೂ ಹೊಡೆಸುತ್ತಾರೆ. ಆದರೆ ಎರಕದ ಕಾರ್ಖಾನೆಯ ಗೇಟಿನಿಂದ ಬಸ್ ನಿಲ್ದಾಣದವರೆಗೆ ಯಾರನ್ನು ಬೇಕಾದರೂ ಕೇಳಿ ನೋಡಿ, ಸಮಾಧಾನ ಎಂದರೆ ಪಿಳಿಪಿಳಿ ಕಣ್ಣು ಬಿಡುತ್ತಾರೆ. ಬೋಲ್ಟು ಎನ್ನಿ, ಕೈ ಹಿಡಿದು ಕರೆದುಕೊಂಡು ಹೋಗಿ ಬಾಗಿಲಲ್ಲಿ ನಿಲ್ಲಿಸುತ್ತಾರೆ. ನೀವು ಸ್ವಲ್ಪ ಮುಖ ಕೊಟ್ಟರೆ ಜೊತೆಗೆ ಒಳಗೂ ಬರುತ್ತಾರೆ.

ಆ ಹೆಸರು ಹೇಗೆ ಬಂತು ಎಂದರೆ ಮಾತ್ರ ಒಬ್ಬೊಬ್ಬರದು ಒಂದೊಂದು ಪುರಾಣ. ಅಲ್ಲಿ ಎರಡು ಪೆಗ್ ಹಾಕಿದರೆ ತಲೆಯ ಬೋಲ್ಟು ಸಡಿಲವಾಗುತ್ತದೆ, ಅದಕ್ಕೇ ಎನ್ನುವವರಿದ್ದಾರೆ. ಹಳೇ ಯಜಮಾನ ಮೊದಲು ಗುಜರಿ ಅಂಗಡಿ ಇಟ್ಟಿದ್ದ, ಬೋಲ್ಟು ತೂಗಿ ತೂಗಿಯೇ ಬಾರು ಕಟ್ಟಿಸಿದ ಎಂದು ಆಣೆ ಮಾಡಿ ಹೇಳುವವರೂ ಇದ್ದಾರೆ. ಎಲ್ಲ ಶುದ್ಧ ಬುರುಡೆ. ಅದು ಒಬ್ಬ ಮನುಷ್ಯ ಗಂಟಲು ಹರಿಯುವಂತೆ ಕೂಗಿದ ಕೂಗು. ಆ ಕೂಗನ್ನು ಎಲ್ಲರಿಗಿಂತ ಹತ್ತಿರದಿಂದ ಕೇಳಿದವನು ಆ ಕಾರ್ಖಾನೆಯಲ್ಲಿದ್ದ ಫಿಟ್ಟರ್, ಅವನ ಹತ್ತಿರ ಮಾತ್ರ ಯಾರೂ ವಿಚಾರಿಸುವುದಿಲ್ಲ. ವಿಚಾರಿಸುವ ಧೈರ್ಯ ಯಾರಿಗೂ ಇಲ್ಲ ಎನ್ನುವುದೇ ಸರಿ.

ಆಗ ಫಿಟ್ಟರನಿಗೆ ಹೆದರುವವರು ಯಾರೂ ಇರಲಿಲ್ಲ. ಕಡ್ಡಿಯಂಥ ಆಳು, ಮಾತು ಕಮ್ಮಿ, ಕೈ ಬಿಗಿ. ಕಾರ್ಖಾನೆಯಲ್ಲಿ ಯಾರಾದರೂ ರೇಗಿಸಿದರೆ ನಕ್ಕು ಪಕ್ಕಕ್ಕೆ ಸರಿದುಬಿಡುತ್ತಿದ್ದ. ಅದಕ್ಕೆ ಕಾರಣವಿತ್ತು. ಅವನೂ ಅವನ ಅಕ್ಕನೂ ಚಿಕ್ಕವರಿದ್ದಾಗ ಅವರಪ್ಪ ಚರಂಡಿ ನೀರಿನ ಜಗಳದಲ್ಲಿ ಪಕ್ಕದ ಮನೆಯವನ ತಲೆಗೆ ಸಲಿಕೆಯಿಂದ ಹೊಡೆದು ಕೊಂದು, ಜೈಲಿಗೆ ಹೋಗಿ, ಅಲ್ಲೇ ಸತ್ತ. ಮಕ್ಕಳು ಚಿಕ್ಕಮ್ಮನ ಮನೆ ಸೇರಿದರು. ಶಾಲೆಯಲ್ಲಿ, ನಲ್ಲಿಯ ಹತ್ತಿರ, ಅಂಗಡಿಯ ಮುಂದೆ ಅವರ ಹೆಸರು ‘ಕೊಲೆಗಾರನ ಮಕ್ಕಳು’. ಅಕ್ಕ ಆ ಮಾತನ್ನು ಹಲ್ಲು ಕಚ್ಚಿಕೊಂಡು ನುಂಗಿದಳು. ತಮ್ಮನ ಜುಟ್ಟು ಹಿಡಿದು ಬೆಳೆಸಿದಳು. ಗಲ್ಲಿಯಲ್ಲಿ ಯಾರ ಮೇಲಾದರೂ ಕೈ ಎತ್ತಿದ ಎಂದು ಗೊತ್ತಾದರೆ ಮನೆಯಲ್ಲಿ ಅವಳೇ ಬಾರಿಸುತ್ತಿದ್ದಳು. ನಮ್ಮ ಮನೆಯಲ್ಲಿ ಇನ್ನೊಬ್ಬ ಕೊಲೆಗಾರ ಇರಬಾರದು, ಅವಳು ದೇವರಲ್ಲಿ ಕೇಳಿಕೊಂಡದ್ದು ಅದೊಂದೇ. ದೇವರಿಗೆ ಕಿವಿ ಸ್ವಲ್ಪ ಮಂದ ಇರಬೇಕು, ಅವಳಿಗೆ ಗಂಡನಾಗಿ ಸಿಕ್ಕಿದ್ದು ಭಾವ.

ಭಾವ ಕಾರ್ಖಾನೆಯ ಕ್ರೇನ್ ಡ್ರೈವರ್. ಬಾಗಿಲಲ್ಲಿ ನಿಂತರೆ ಮನೆಯೊಳಗೆ ಕತ್ತಲಾಗುವಂಥ ಮೈ. ಕೆಟ್ಟವನೇನಲ್ಲ. ಹೆಂಡತಿಯ ಕಾಲು ಉಳುಕಿದಾಗ ಅವಳನ್ನು ಎತ್ತಿಕೊಂಡೇ ಆಸ್ಪತ್ರೆಯ ಮೆಟ್ಟಿಲು ಹತ್ತಿದವನು, ಭಾವಮೈದುನನಿಗೆ ಕೆಲಸ ಕೊಡಿಸಿದವನೂ ಅವನೇ. ಆದರೆ ಕೋಪ ಸದಾ ಮೂಗಿನ ತುದಿಯಲ್ಲಿ. ಎರಡು ಪೆಗ್ ಒಳಗೆ ಹೋದರೆ ಕೈಗೆ ಸಿಕ್ಕಿದ್ದೆಲ್ಲ ಆಯುಧ. ಒಂದು ಸಂಜೆ ಅಚ್ಚಿನ ವಿಭಾಗದವನೊಬ್ಬ ಅವನ ಹೊಟ್ಟೆಯ ಬಗ್ಗೆ ಏನೋ ತಮಾಷೆ ಮಾಡಿದ. ಭಾವ ತಾನು ಕೂತಿದ್ದ ಕಬ್ಬಿಣದ ಸ್ಟೂಲನ್ನೇ ಎತ್ತಿ ಬೀಸಿದ. ದವಡೆ ಮುರಿದ ಸದ್ದು ಗಲ್ಲಾದವರೆಗೂ ಕೇಳಿಸಿತಂತೆ. ವಾರಗಟ್ಟಲೆ ಬಾಯಿಗೆ ತಂತಿ ಬಿಗಿಸಿಕೊಂಡು ಬರೀ ನೀರಿನಂಥದ್ದನ್ನೇ ಕುಡಿದು ಬದುಕಿದ ಆ ಮನುಷ್ಯನ ದವಡೆ ಕೊನೆಗೂ ಓರೆಯಾಗಿಯೇ ಕೂತಿತು. ಅಂದಿನಿಂದ ಅವನು ಎಲ್ಲರಿಗೂ ಸೊಟ್ಟಬಾಯಿ. ಕಾರ್ಮಿಕ ಸಂಘದವರು ನಡುವೆ ಬಂದು, ಪೊಲೀಸ್ ಠಾಣೆಯ ಮೆಟ್ಟಿಲು ಹತ್ತದಂತೆ ನೋಡಿಕೊಂಡು, ಇಬ್ಬರಿಗೂ ಕೈ ಕುಲುಕಿಸಿದರು. ಸೊಟ್ಟಬಾಯಿ ಕೈ ಕೊಟ್ಟ, ಕಣ್ಣು ಮಾತ್ರ ಎತ್ತಲಿಲ್ಲ.

ಆ ಜಗಳದ ಮಾರನೆಯ ದಿನವೇ ಅಕ್ಕ ತಮ್ಮನ ಕೋಣೆಗೆ ಬಂದಳು. ಕೂರು ಎಂದರೂ ಕೂರಲಿಲ್ಲ.

“ಆ ಏಟು ಒಂದು ಬೆರಳು ಮೇಲೆ ಬಿದ್ದಿದ್ರೆ ಇವರು ಈಗ ಜೈಲಲ್ಲಿರ್ತಿದ್ರು. ಕುಡೀಬೇಡಿ ಅಂತ ಹೇಳಿ ಹೇಳಿ ನನ್ನ ನಾಲಿಗೆ ಸವೆದುಹೋಯ್ತು. ಕುಡೀಲಿ, ಹಾಳಾಗ್ಲಿ. ಆದ್ರೆ ಕೈಗೆ ಏನೂ ಸಿಗಬಾರದು, ಹಾಗೆ ಮಾಡು. ಫಿಟ್ಟರ್ ಅಂತೀಯ, ಅಷ್ಟೂ ಆಗಲ್ವಾ ನಿನ್ನ ಕೈಲಿ?”

ಆಗುತ್ತದೆ ಎಂದ ತಮ್ಮ. ಅಕ್ಕ ಕೇಳಿದ್ದಕ್ಕೆ ಇಲ್ಲ ಎನ್ನುವುದು ಅವನಿಗೆ ಗೊತ್ತೇ ಇರಲಿಲ್ಲ. ಬಾರಿನ ಯಜಮಾನನಿಗಂತೂ ಕರೆದು ಊಟ ಹಾಕಿದಷ್ಟು ಖುಷಿಯಾಯಿತು, ಅವನ ಸ್ಟೂಲುಗಳು ವಾರಕ್ಕೊಂದರಂತೆ ಯಾರದೋ ಬೆನ್ನ ಮೇಲೆ ಮುರಿಯುತ್ತಿದ್ದವು. ಸ್ಟೂಲುಗಳೆಲ್ಲ ಗುಜರಿಗೆ ಹೋದವು. ಅವುಗಳ ಜಾಗಕ್ಕೆ ಕಬ್ಬಿಣದ ಕಾಲಿನ, ದಪ್ಪ ಹಲಗೆಯ ಉದ್ದ ಬೆಂಚುಗಳೂ ಮೇಜುಗಳೂ ಬಂದವು. ಫಿಟ್ಟರ್ ನೆಲ ಅಗೆದು, ಬೋಲ್ಟುಗಳನ್ನು ಕಾಂಕ್ರೀಟಿನಲ್ಲಿ ನಿಲ್ಲಿಸಿ, ಪ್ರತಿ ಕಾಲನ್ನೂ ನಟ್ಟು ಹಾಕಿ ಬಿಗಿದ.

ಅಲ್ಲಿಗೆ ಬರುವ ಗಿರಾಕಿಗಳು ಎಂಥವರು ಎನ್ನುವುದನ್ನು ಅವನು ಮರೆತಿದ್ದ. ಕಾರ್ಖಾನೆಯಿಂದ ನೇರ ಬರುವ ಗಂಡಸರು, ಒಬ್ಬೊಬ್ಬರ ಹಿಂದಿನ ಜೇಬಿನಲ್ಲೂ ಒಂದೊಂದು ಸ್ಪ್ಯಾನರು. ಬಿಗಿದ ನಟ್ಟು ಕಂಡರೆ ಅವರ ಕೈ ಸುಮ್ಮನಿರುತ್ತದೆಯೇ? ಯಾರು ಬೇಗ ಬಿಚ್ಚುತ್ತಾರೆ ಎಂದು ಪಂದ್ಯ ಕಟ್ಟಿದರು. ಒಂದು ಬೆಳಿಗ್ಗೆ ಯಜಮಾನ ಬಂದು ನೋಡಿದರೆ ಒಳಗೆ ಒಂದು ಬೆಂಚು ಕಮ್ಮಿ. ಹುಡುಕಿ ಹುಡುಕಿ ಸುಸ್ತಾದ ಮೇಲೆ ಅದು ಬಾರಿನ ಚಾವಣಿಯ ಮೇಲೆ ಸಿಕ್ಕಿತು. ಊರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು, ಫಿಟ್ಟರನ ಕೆಲಸಕ್ಕೆ ಒಳ್ಳೇ ಮರ್ಯಾದೆ ಸಿಕ್ಕಿತು.

ಅವನಿಗೂ ಹಟ ಬಂತು. ಮತ್ತೆ ಎಲ್ಲವನ್ನೂ ಬಿಗಿದು, ನಟ್ಟಿನ ಮೇಲೆ ಉಳಿದ ಬೋಲ್ಟಿನ ತುದಿಯನ್ನು ದೊಡ್ಡ ಸುತ್ತಿಗೆಯಿಂದ ಬಡಿಯತೊಡಗಿದ. ಥ್ರೆಡ್ಡು ನಜ್ಜುಗುಜ್ಜಾಗಿ, ತುದಿ ಅಣಬೆಯ ತಲೆಯಂತೆ ಅಗಲವಾಗುವವರೆಗೂ ಬಡಿದ. ಒಂದೇ ಲಯ, ಒಂದೇ ಜಾಗ, ಕಬ್ಬಿಣ ಹರಡುವವರೆಗೆ ನಿಲ್ಲಿಸುವಂತಿಲ್ಲ. ಹಾಗೆ ಬಡಿದ ನಟ್ಟನ್ನು ಸ್ಪ್ಯಾನರು ಹಾಕಿ ಆನೆ ಎಳೆದರೂ ಬರುವುದಿಲ್ಲ, ಉಳಿ ಇಟ್ಟು ಕಡಿದೇ ತೆಗೆಯಬೇಕು. ಬೆಂಚಿಗೂ ಮೇಜಿಗೂ ನಡುವೆ ಎಷ್ಟು ಜಾಗ ಬಿಡಬೇಕು ಎಂದು ಯಜಮಾನ ಕೇಳಿದಾಗ ಫಿಟ್ಟರ್ ತಾನೇ ಕೂತು, ಆರಾಮಾಗಿ ಲೋಟ ಎತ್ತಿ ನೋಡಿ, ಇಷ್ಟು ಸಾಕು ಎಂದ. ಕಡ್ಡಿಯಂಥವನು ತನ್ನ ಹೊಟ್ಟೆಯ ಅಳತೆಗೆ ಬಾರನ್ನು ಬಿಗಿದುಬಿಟ್ಟ.

ಭಾವ ಮೊದಲ ದಿನ ಉಸಿರು ಒಳಗೆ ಎಳೆದುಕೊಂಡು, ಬೆಂಚಿನ ಒಂದು ತುದಿಯಿಂದ ಜಾರುತ್ತಾ ಜಾರುತ್ತಾ ಗೋಡೆಯ ಮೂಲೆ ಸೇರಿದ. ಅದು ಅವನ ಹಳೇ ಜಾಗ, ಅದನ್ನು ಬಿಡುವವನಲ್ಲ. ಒಂದು ಕಡೆ ಗೋಡೆ, ಮುಂದೆ ಮೇಜು, ಹಿಂದೆ ಬೆಂಚಿನ ಒರಗು, ಇನ್ನೊಂದು ಕಡೆ ಸಾಲಾಗಿ ಜೊತೆಯವರು. ಏಳಬೇಕಾದರೆ ಎಲ್ಲರೂ ಎದ್ದು ದಾರಿ ಬಿಡಬೇಕು. ಎಲ್ಲರೂ ನಕ್ಕರು, ಅವನೂ ನಕ್ಕ. “ಲೋ ಕಡ್ಡಿ, ನಂಗೇ ಬೋನು ಮಾಡಿಟ್ಟೆಯೇನೋ” ಎಂದ. ಫಿಟ್ಟರನಿಗೂ ನಗು ಬಂತು. ಬೀಸಲು ಸ್ಟೂಲಿಲ್ಲ, ಎದ್ದು ನಿಲ್ಲಲು ಜಾಗವಿಲ್ಲ. ಹಲವು ವಾರ ಬಾರಿನಲ್ಲಿ ಒಂದೂ ತಲೆ ಒಡೆಯಲಿಲ್ಲ. ಅಕ್ಕ ನೆಮ್ಮದಿಯಿಂದ ಮಲಗಿದಳು.

ಆ ದಿನ ಸಂಬಳದ ದಿನವೂ ಅಲ್ಲ, ರಜೆಯ ದಿನವೂ ಅಲ್ಲ, ಬರೀ ಒಂದು ಸಂಜೆ. ಕಾರ್ಖಾನೆಯ ಸೈರನ್ ಆಗಿತ್ತು, ಬಿಸಿಲು ಇನ್ನೂ ಕಿಟಕಿಯಲ್ಲೇ ಇತ್ತು. ಯಜಮಾನ ಹಿಂದಿನ ಕೋಣೆಯ ಸಡಿಲವಾದ ಶೆಲ್ಫು ಸರಿಮಾಡಲು ಫಿಟ್ಟರನನ್ನು ಕರೆದಿದ್ದ. ಅವನು ಏಣಿಯ ಮೇಲೆ ನಿಂತು ಗೋಡೆಗೆ ಮೊಳೆ ಹೊಡೆಯುತ್ತಿದ್ದ. ಮುಂದೆ ಭಾವ ತನ್ನ ಮೂಲೆಯಲ್ಲಿ ಕೂತು ಆಗಲೇ ಚೆನ್ನಾಗಿ ಏರಿಸಿದ್ದ. ಸೊಟ್ಟಬಾಯಿ ಗಲ್ಲಾದ ಹತ್ತಿರ ನಿಂತು ಏನೋ ಕೇಳಿದ. ದವಡೆ ಓರೆಯಾದವನ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. ಭಾವ ಅಲ್ಲಿಂದಲೇ ಅವನ ಮಾತನ್ನು ಅಣಕಿಸಿದ. ಬೆಂಚಿನ ತುಂಬ ನಗು. ಇನ್ನೊಮ್ಮೆ ಹೇಳು, ನಮಗೂ ಅರ್ಥವಾಗಲಿ ಎಂದು ಭಾವ ಮತ್ತೆ ಅಣಕಿಸಿದ. ಕೊಬ್ಬು ಎಂದರೆ ಅದು, ಬೇರೆ ಹೆಸರಿಲ್ಲ.

ಸೊಟ್ಟಬಾಯಿ ತನ್ನ ಮುಂದಿದ್ದ ಬಾಟಲಿಯನ್ನು ಗಲ್ಲಾದ ಅಂಚಿಗೆ ಹೊಡೆದು ಮುರಿದ. ಕತ್ತು ಕೈಯಲ್ಲಿ ಉಳಿಯಿತು. ಅವಸರವಿಲ್ಲದೆ ನಡೆದು ಬಂದ. ಮೂಲೆಯ ಬೆಂಚು ಎಂಥದು, ಅದರಲ್ಲಿ ಕೂತವನು ಏಳಲಾರ ಎನ್ನುವುದನ್ನು ಅವನು ಅಷ್ಟು ವಾರ ಕೂತು ನೋಡಿಕೊಂಡಿದ್ದ. ಭಾವನ ಪಕ್ಕದವರು ಬಾಟಲಿ ಕಂಡದ್ದೇ ಬೆಂಚಿನಿಂದ ಸರಸರ ಜಾರಿ ಬಾಗಿಲ ಕಡೆ ಓಡಿದರು. ಭಾವನೂ ಏಳಲು ನೋಡಿದ. ತೊಡೆ ಮೇಜಿನ ಅಡಿಗೆ ಸಿಕ್ಕಿತು, ಹೊಟ್ಟೆ ಹಲಗೆಗೆ ಒತ್ತಿತು, ಕುಡಿದ ಮೈ ಪಕ್ಕಕ್ಕೆ ಜಾರಲೂ ಇಲ್ಲ. ಮೇಜನ್ನು ಎರಡೂ ಕೈಯಲ್ಲಿ ಹಿಡಿದು ತಳ್ಳಿದ. ಕ್ರೇನಿನಷ್ಟು ಬಲವಿದ್ದ ಮನುಷ್ಯ, ಮೇಜು ಅಲುಗಲಿಲ್ಲ.

ಮೊದಲ ಗೀರು ಹಣೆಯಿಂದ ಕಿವಿಯವರೆಗೆ. ರಕ್ತ ಕಣ್ಣಿಗೆ ಇಳಿದು ಭಾವ ಕುರುಡನಾದ. ಎರಡನೆಯದನ್ನು ಅಂಗೈಯಿಂದ ತಡೆದ, ಅಂಗೈ ಸೀಳಿತು. ಬಾಟಲಿಯನ್ನು ಹಿಡಿಯಲು ಹೋಗಿ ಬೆರಳೊಂದು ನೇತಾಡಿತು. ಸೊಟ್ಟಬಾಯಿ ಮೇಜಿನ ಈಚೆ ನಿಂತು ಒಂದು ಮಾತೂ ಆಡದೆ ಚುಚ್ಚುತ್ತಿದ್ದ, ಭುಜಕ್ಕೆ, ತೋಳಿಗೆ, ಕುತ್ತಿಗೆಯ ಹತ್ತಿರ. ಆಗ ಭಾವ ಕೂಗಿದ:

“ಬೋಲ್ಟು ಬಿಚ್ರೋ! ಬೋಲ್ಟು ಬಿಚ್ರೋ!”

ಹೊರಟವರಲ್ಲಿ ಇಬ್ಬರು ಮನುಷ್ಯರು ತಿರುಗಿ ಬಂದರು, ಅವರ ಹೊಟ್ಟೆ ತಣ್ಣಗಿರಲಿ. ಜೇಬಿನಿಂದ ಸ್ಪ್ಯಾನರು ತೆಗೆದು ನೆಲದ ಮೇಲೆ ತೆವಳಿ ಬೆಂಚಿನ ಕಾಲಿಗೆ ಹಾಕಿದರು. ಬಡಿದು ಚಪ್ಪಟೆಯಾದ ನಟ್ಟಿನ ಮೇಲೆ ಸ್ಪ್ಯಾನರು ಜಾರಿ ಜಾರಿ ಅವರ ಗೆಣ್ಣು ಕಿತ್ತುಬಂತು. ಬಾರಿನೊಳಗಿದ್ದ ಅಷ್ಟೂ ಸ್ಪ್ಯಾನರುಗಳು ಆ ಹೊತ್ತಿನಲ್ಲಿ ಕಡ್ಡಿಗೆ ಸಮ.

ಫಿಟ್ಟರ್ ಕೂಗು ಕೇಳಿ ಏಣಿಯಿಂದ ಹಾರಿದ. ಮುಂದೆ ಬಂದು ನೋಡಿದ. ಅವನ ತಲೆಗೆ ಮೊದಲು ಹೊಳೆದದ್ದು ಅವನ ಕೆಲಸವೇ. ಉಳಿ, ಸುತ್ತಿಗೆ ಹಿಡಿದು ನೇರ ಮೇಜಿನ ಅಡಿಗೆ ನುಗ್ಗಿದ. ಸ್ಪ್ಯಾನರಿನವರನ್ನು ಪಕ್ಕಕ್ಕೆ ತಳ್ಳಿ, ನಟ್ಟಿನ ಬದಿಗೆ ಉಳಿ ಇಟ್ಟು ಹೊಡೆದ. ಮೇಲಿನಿಂದ ಹಲಗೆಯ ಸಂದಿಯಲ್ಲಿ ಭಾವನ ರಕ್ತ ಅವನ ಕುತ್ತಿಗೆಗೆ ತೊಟ್ಟಿಕ್ಕುತ್ತಿತ್ತು, ಬಿಸಿಯಾಗಿ. ಹೊಡೆದ. ಒಂದು ನಟ್ಟು ಸೀಳಿತು. ಆ ಕಾಲಿನಲ್ಲೇ ಇನ್ನೊಂದು ಉಳಿದಿತ್ತು. ಆಚೆ ಕಾಲಿನಲ್ಲಿ ಮತ್ತೆ ಅಷ್ಟೇ. ಇಷ್ಟು ಗಟ್ಟಿಯಾಗಿ ಬಿಗಿದ ಆ ಸೂಳೇಮಗ ಯಾರು ಎಂದು ಅವನ ಬಾಯಿಂದಲೇ ಬೈಗುಳ ಬಂತು. ಅದು ತಾನೇ ಎಂದು ಆಮೇಲೆ ಅರಿವಾಯಿತು. ಇದನ್ನು ಕಡಿದು ಮುಗಿಸುವಷ್ಟರಲ್ಲಿ ಅಕ್ಕ ವಿಧವೆಯಾಗಿರುತ್ತಾಳೆ ಎಂದು ಅವನಿಗೆ ಸ್ಪಷ್ಟವಾಗಿ ಗೊತ್ತಾಯಿತು.

ಉಳಿ ಬಿಟ್ಟು ಸುತ್ತಿಗೆ ಹಿಡಿದು ಹೊರಗೆ ಬಂದ. ಸೊಟ್ಟಬಾಯಿಯ ಬೆನ್ನು ಅವನ ಕಡೆಗಿತ್ತು. ಫಿಟ್ಟರ್ ತಲೆಯ ಹಿಂಭಾಗಕ್ಕೆ ಹೊಡೆದ.

ಬಾಟಲಿ ನೆಲಕ್ಕೆ ಬಿದ್ದು ಚೂರಾಯಿತು. ಸೊಟ್ಟಬಾಯಿ ಮಂಡಿಯೂರಿ, ಆಮೇಲೆ ಪಕ್ಕಕ್ಕೆ ವಾಲಿದ. ಭಾವ ಇನ್ನೂ ಕೂಗುತ್ತಿದ್ದ, ಮೊದಲಿಗಿಂತ ಜೋರಾಗಿ, “ಬೋಲ್ಟು ಬಿಚ್ರೋ, ಬಿಚ್ರೋ” ಎಂದು. ಆ ಕೂಗು ನಿಂತಿಲ್ಲವೆಂದರೆ ಅಪಾಯ ಮುಗಿದಿಲ್ಲ, ಫಿಟ್ಟರನ ಕಿವಿಗೆ ಅಷ್ಟೇ ಗೊತ್ತು. ಅವನು ಬಿದ್ದವನ ಮೇಲೆ ಕಾಲು ಹಾಕಿ ಕೂತು ಹೊಡೆದ. ಮತ್ತೆ ಹೊಡೆದ. ಒಂದೇ ಲಯ, ಒಂದೇ ಜಾಗ. ಕೂಗು ಜೋರಾದಷ್ಟೂ ಅವನ ಕೈಯೂ ಜೋರಾಯಿತು. ಮೂಳೆ ಒಳಗೆ ಕುಸಿಯುವುದು ಸುತ್ತಿಗೆಯ ಹಿಡಿಯಲ್ಲಿ ಗೊತ್ತಾಗುತ್ತಿತ್ತು. ಅವನೊಳಗೆ ಎಲ್ಲೋ ಒಂದು ಬಾಗಿಲು ತೆರೆದಿತ್ತು, ಆಚೆ ಕಡೆ ಅವನಪ್ಪ ಸಲಿಕೆ ಹಿಡಿದು ನಿಂತಿದ್ದ. ಕೊನೆಗೆ ಗುರುತು ಸಿಗುವಂಥ ಮುಖ ಏನೂ ಉಳಿಯದಾಗ ಸುತ್ತಿಗೆ ತಾನಾಗಿ ಜಾರಿತು. ಬಾರಿನಲ್ಲಿ ಭಾವನ ಏದುಸಿರು ಬಿಟ್ಟು ಬೇರೆ ಸದ್ದಿಲ್ಲ.

ಪೊಲೀಸರು ಬಂದರು. ಫಿಟ್ಟರ್ ಓಡಿಹೋಗಲಿಲ್ಲ, ಬೆಂಚಿನ ತುದಿಯಲ್ಲಿ ಕೂತಿದ್ದ. ಭಾವನನ್ನು ಮೂಲೆಯಿಂದ ಬಿಡಿಸಲು ಕಾರ್ಖಾನೆಯಿಂದ ಗ್ಯಾಸ್ ಕಟರ್ ತರಿಸಬೇಕಾಯಿತು. ಅದು ಬರುವವರೆಗೂ ಅವನು ಹೆಣವನ್ನು ಕಣ್ಣ ಮುಂದೆ ಇಟ್ಟುಕೊಂಡು, ಯಾರದೋ ಅಂಗಿಯನ್ನು ಹಣೆಗೆ ಒತ್ತಿಕೊಂಡು, ಬಿಗಿದ ಜಾಗದಲ್ಲೇ ಕೂತಿದ್ದ. ಹೊರಗೆ ರಸ್ತೆ ತುಂಬ ಜನ. ಒಳಗೆ ಏನಾಯಿತೆಂದು ಅವರಿಗೆ ಕಂಡಿರಲಿಲ್ಲ, ಆ ಕೂಗು ಮಾತ್ರ ಬಸ್ ನಿಲ್ದಾಣದವರೆಗೂ ಕೇಳಿಸಿತ್ತು. ತಡವಾಗಿ ಬಂದ ಆಂಬುಲೆನ್ಸಿನವನು ಯಾವ ಬಾರು ಎಂದು ಕೇಳಿದಾಗ ಯಾರೋ ಹೇಳಿದರು: “ಅದೇ ಸ್ವಾಮಿ, ಬೋಲ್ಟು ಬೋಲ್ಟು ಅಂತ ಕೂಗ್ತಿದ್ರಲ್ಲ, ಆ ಬಾರು.” ಹೆಸರು ಹುಟ್ಟಿದ್ದು ಅಲ್ಲಿ. ಸಾಕ್ಷಿ ಹೇಳಲು ಬಂದವರ ಬಾಯಲ್ಲೂ ಅದೇ ಹೆಸರು ಬಂತು, ನ್ಯಾಯಾಧೀಶರು ಎರಡು ಸಲ ತಿದ್ದಿ ಆಮೇಲೆ ಸುಮ್ಮನಾದರಂತೆ. ಒಂದೆರಡು ವರ್ಷದಲ್ಲಿ ಜನಕ್ಕೆ ರಕ್ತ ಮರೆತು ತಮಾಷೆ ಉಳಿಯಿತು. ಈಗ ಅಲ್ಲಿ ಕೂತ ಪಡ್ಡೆ ಹುಡುಗರು ಹೊಸ ಬಾಟಲಿ ಬೇಕಾದರೆ ಬೋಲ್ಟು ಬಿಚ್ರೋ ಎಂದು ಕೂಗಿ ನಗುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ, ಆದರೂ ಕೇಳಿದಾಗ ಹೊಟ್ಟೆ ಉರಿಯುತ್ತದೆ.

ಫಿಟ್ಟರ್ ಜೈಲಿನಿಂದ ಬಂದಾಗ ತಲೆ ನೆರೆತಿತ್ತು. ಬಸ್ಸಿನಲ್ಲಿ ಕಂಡಕ್ಟರ್ “ಬೋಲ್ಟು ಇಳಿಯೋರು ಬನ್ನಿ” ಎಂದ. ಅವನು ಅಲ್ಲಿ ಇಳಿಯಲಿಲ್ಲ, ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಕ್ಕೆ ನಡೆದುಕೊಂಡು ಅಕ್ಕನ ಮನೆಗೆ ಹೋದ. ಅಕ್ಕ ಅವನ ಕೈ ಹಿಡಿದುಕೊಂಡು ಬಹಳ ಹೊತ್ತು ಅತ್ತಳು. ಆಮೇಲೆ ಬಡಿಸಿದಳು. ಭಾವ ಕುಡಿತ ಬಿಟ್ಟು ಅಷ್ಟೂ ವರ್ಷ ಆಗಿತ್ತು, ಒಂದು ದಿನವೂ ಬಾಯಿಗೆ ಇಟ್ಟಿಲ್ಲ ಎಂದು ಅವಳು ಹೇಳಿದಳು. ಭಾವ ಹಣೆಯ ಗಾಯದ ಗೆರೆಯನ್ನು ಸವರಿಕೊಳ್ಳುತ್ತಾ ಎದುರಿಗೆ ಕೂತಿದ್ದ. ಹವಾಮಾನ, ಕಾರ್ಖಾನೆ, ಯಾರು ಯಾರು ಸತ್ತರು, ಎಲ್ಲ ಮಾತಾಯಿತು. ಮಧ್ಯೆ ಫಿಟ್ಟರ್ ನೀರಿನ ಚೊಂಬಿಗೆ ಕೈ ಎತ್ತಿದ. ಆ ದೊಡ್ಡ ಮನುಷ್ಯ ಬೆಚ್ಚಿ ಗೋಡೆಗೆ ಒರಗಿದ. ಅಕ್ಕ ಅದನ್ನು ಕಂಡೂ ಕಾಣದವಳಂತೆ ಒಳಗೆ ಹೋದಳು.

ಹೊರಡುತ್ತೇನೆ ಎಂದು ಫಿಟ್ಟರ್ ಎದ್ದ. ಯಾರೂ ಇರು ಎನ್ನಲಿಲ್ಲ. ಭಾವ ಮಾತ್ರ ಬಾಗಿಲು ದಾಟಿ ಗೇಟಿನವರೆಗೆ ಹಿಂದೆ ಬಂದ. ಫಿಟ್ಟರ್ ತಿರುಗಿ ನಿಂತು, ನಿಮ್ಮನ್ನು ಉಳಿಸಿದವನನ್ನು ಕಂಡರೆ ನಿಮಗೇ ಭಯವೇ ಎಂದು ಕೇಳಿದ. ಕೇಳಬೇಕೆಂದುಕೊಂಡಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು.

ಭಾವ ಗೇಟಿನ ಸರಳು ಹಿಡಿದುಕೊಂಡ. ಮಡಚಲಾಗದ ಆ ಬೆರಳು ನೆಟ್ಟಗೆ ನಿಂತಿತ್ತು.

“ಮೊದಲನೇ ಏಟಿಗೇ ಅವನು ಬಿದ್ದ ಕಣೋ. ಬಾಟಲಿ ಚೂರಾಗಿದ್ದು ನಂಗೆ ಕೇಳಿಸ್ತು. ಅಲ್ಲಿವರೆಗೂ ಕೂಗಿದ್ದು ನನ್ನ ಜೀವಕ್ಕೆ, ಇಲ್ಲ ಅನ್ನಲ್ಲ. ಆಮೇಲೆ ಊರೆಲ್ಲ ಕೇಳಿಸ್ಕೊಂಡ ಕೂಗು ಇದೆಯಲ್ಲ, ಅದು ನನ್ನ ಬಿಡಿಸ್ಲಿ ಅಂತ ಅಲ್ಲ. ಯಾರಾದ್ರೂ ಬಿಚ್ಚಿದ್ರೆ ಬಂದು ನಿನ್ನ ಕೈ ಹಿಡಿದು ತಡೀತಿದ್ದೆ.”

ಫಿಟ್ಟರ್ ಭಾವನ ಮುಖ ನೋಡಲಿಲ್ಲ. ಅವನ ಹಿಂದೆ, ಬಾಗಿಲಲ್ಲಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಅಕ್ಕ ನಿಂತಿದ್ದಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು.